ಬೆಳಕಿನ ಅಳಗುಳಿಮಣೆ

1986ರಲ್ಲಿ ಸ್ವಿಟ್ಜರ್ಲೆಂಡಿನ ಝೂರಿಕ್ ನಗರದ ಬಳಿ ಬೆಡ್ನೋರ್ಟ್ಸ್ ಮತ್ತು ಮ್ಯುಲರ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಚಿತ್ರವನ್ನು ಕಂಡರು. ತಾಮ್ರದ ಆಕ್ಸೈಡನ್ನೊಳಗೊಂಡ, ಪಿಂಗಾಣಿಯಂಥ ವಸ್ತುವೊಂದು, ಅತಿವಾಹಕಗಳೆಂದು ಹೆಸರಾದ ಲೋಹಗಳಿಗಿಂತ ಹೆಚ್ಚಿನ ಉಷ್ಣತೆಯಲ್ಲಿಯೇ ವಿದ್ಯುತ್ತನ್ನು ಎಳ್ಳಷ್ಟೂ ತಡೆಯಿಲ್ಲದೆ ಹರಿಯಬಿಟ್ಟಿತು! ಏಕೆ ಹಾಗಾಗುತ್ತದೆಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ದೊರೆತಿಲ್ಲ. ದೊರೆತರೆ, ತಂತಿಯಲ್ಲಿ ವಿದ್ಯುತ್ತು ಸೋರಿಹೋಗದಂತೆ ಮಾಡುವ ದಾರಿಯೂ ಹತ್ತಿರವಾದೀತು.

ಉತ್ತರ ದೊರೆಯದಿರಲು ಬುದ್ಧಿಯ ಕೊರತೆ ಕಾರಣವಲ್ಲ. ಲೆಕ್ಕದ ಅಗಾಧತೆಯೇ ಕಾರಣ. ಎರಡೇ ಸ್ಥಿತಿಗಳುಳ್ಳ 300 ಕಣಗಳನ್ನು ತೆಗೆದುಕೊಂಡರೂ, ಕ್ವಾಂಟಮ್ ನಿಯಮದಂತೆ ಗಮನಿಸಬೇಕಾದ ಸಾಧ್ಯತೆಗಳು ಕಾಣುವ ವಿಶ್ವದ ಒಟ್ಟು ಪರಮಾಣುಗಳ ಸಂಖ್ಯೆಯನ್ನೂ ಮೀರುತ್ತವೆ. ಇನ್ನು ಚೂರು ವಸ್ತುವಿನಲ್ಲಿರುವ ಕೋಟ್ಯನುಕೋಟಿ ಎಲೆಕ್ಟ್ರಾನುಗಳ ಮಾತೇನು? ನಿಸರ್ಗದ ಈ ಲೆಕ್ಕವನ್ನು ನಿಸರ್ಗದಿಂದಲೇ ಮಾಡಿಸಬೇಕೆಂದು ಅಮೆರಿಕದ ರಿಚರ್ಡ್ ಫೈನ್‌ಮನ್ 1981ರಲ್ಲಿ ಸೂಚಿಸಿದರು. ಆ ಕೆಲಸಕ್ಕೆ ಒದಗಿಬಂದದ್ದು ತಣಿಸಿದ ಅನಿಲ.

ಇದರ ಮೂಲದಲ್ಲಿ ಭಾರತೀಯರೊಬ್ಬರ ಹೆಸರಿದೆ. ಢಾಕಾದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು 1924ರಲ್ಲಿ ಬೆಳಕಿನ ಕಣಗಳನ್ನೆಣಿಸುವ ಹೊಸ ಕ್ರಮವೊಂದನ್ನು ಬರೆದು ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. ಅಷ್ಟೇ ಅಲ್ಲ, ಅತಿಯಾಗಿ ತಣಿಸಿದ ಅನಿಲದಲ್ಲಿ ಪರಮಾಣುಗಳು ತಮ್ಮ ಬೇರೆತನವನ್ನು ತೊರೆದು ಒಂದೇ ಅಲೆಯಂತೆ ನಡೆದುಕೊಳ್ಳಬೇಕೆಂದೂ ಹೇಳಿದರು. ಅದನ್ನು ಕಣ್ಣಾರೆ ಕಾಣಲು 1995ರವರೆಗೆ ಕಾಯಬೇಕಾಯಿತು. ಅಮೆರಿಕದ ಬೋಲ್ಡರ್ ನಗರದಲ್ಲಿ ಕಾರ್ನೆಲ್ ಮತ್ತು ವೀಮನ್ ರುಬಿಡಿಯಮ್ ಅನಿಲವನ್ನು ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ಒಯ್ದರು. ಒಂದು ಡಿಗ್ರಿಯನ್ನು ಕೋಟಿ ಪಾಲು ಮಾಡಿದರೆ, ಶೂನ್ಯಕ್ಕೆ ಉಳಿದ ಅಂತರ ಎರಡು ಪಾಲಿಗೂ ಕಡಿಮೆ!

ಇಷ್ಟು ಶೈತ್ಯವನ್ನು ತರುವುದು ಮಂಜುಗಡ್ಡೆಯಲ್ಲ, ಬೆಳಕು. ಓಡಿಬರುವ ಪರಮಾಣುವಿಗೆ ಎದುರಿನಿಂದ ಲೇಸರ್ ಬೆಳಕಿನ ಕಣಗಳು ಒಂದೇ ಸಮನೆ ಬಡಿದು ಅದರ ವೇಗವನ್ನು ಕುಗ್ಗಿಸುತ್ತವೆ. ಅನಂತರದ್ದು ಅಡಿಗೆಮನೆಯ ವಿದ್ಯೆಯೇ. ಆವಿ ಹೋದಂತೆ ಲೋಟದ ಕಾಫಿ ಆರುತ್ತದಷ್ಟೆ. ಹಾಗೆಯೇ ಚುರುಕಾದ ಪರಮಾಣುಗಳನ್ನು ಹೊರಕ್ಕೆ ಬಿಟ್ಟರೆ ಉಳಿದವು ತಣಿಯುತ್ತವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಪರಮಾಣುಗಳನ್ನು ಹೀಗೆ ಬೆಳಕಿನಿಂದ ತಣಿಸುವ ಪ್ರಯೋಗಶಾಲೆಗಳುಂಟು.

ಇನ್ನು ಆಟದ ಮಣೆ. ಎದುರುಬದುರಾದ ಲೇಸರ್ ಕಿರಣಗಳು ಕೂಡಿದಲ್ಲಿ ಬೆಳಕು ಸಾಲುಸಾಲಾದ ಗುಳಿಗಳಂತೆ ನಿಲ್ಲುತ್ತದೆ. ಅಳಗುಳಿಮಣೆಯ ಮನೆಗಳಲ್ಲಿ ಹುಣಿಸೆ ಬೀಜಗಳು ಕುಳಿತಂತೆ ಪರಮಾಣುಗಳು ಅಲ್ಲಿ ಕುಳಿತುಕೊಳ್ಳುತ್ತವೆ. ಹರಳಿನೊಳಗಿನ ಅಂತರಕ್ಕಿಂತ ಇಲ್ಲಿನ ಅಂತರ ಸುಮಾರು ಸಾವಿರಪಟ್ಟು ಹೆಚ್ಚು. ಆದ್ದರಿಂದ ಅಲ್ಲಿ ಮಿಂಚಿನಂತೆ ಮುಗಿದುಹೋಗುವ ವ್ಯವಹಾರ ಇಲ್ಲಿ ನಿಧಾನವಾಗಿ ನಡೆಯುತ್ತದೆ.

ಜರ್ಮನಿಯ ಮ್ಯೂನಿಕ್ಕಿನಲ್ಲಿ ಬ್ಲಾಖ್, ಗ್ರೈನರ್ ಮತ್ತು ಸಂಗಡಿಗರು ಈ ಆಟವನ್ನಾಡಿ ಅದರ ಫಲವನ್ನು 2002ರಲ್ಲಿ ಪ್ರಕಟಿಸಿದರು. ಬೆಳಕು ಮಂದವಾಗಿ ಗುಳಿಗಳು ತೆಳುವಾಗಿದ್ದಾಗ ಪ್ರತಿಯೊಂದು ಪರಮಾಣುವೂ ಮಣೆಯ ತುಂಬ ಹರಡಿಕೊಂಡಿತ್ತು. ಬೆಳಕನ್ನು ಏರಿಸಿ ಗುಳಿಗಳನ್ನು ಆಳ ಮಾಡಿದಂತೆ, ಒಂದೇ ಮನೆಯಲ್ಲಿ ಇಬ್ಬರಿರುವುದು ದುಬಾರಿಯಾಯಿತು. ಎಲ್ಲವೂ ತಂತಮ್ಮ ಮನೆ ಹಿಡಿದು ಕುಳಿತುಬಿಟ್ಟವು. ಬೆಳಕನ್ನಾರಿಸಿ ಚಿತ್ರ ತೆಗೆದಾಗ ಮೊದಲು ಚೊಕ್ಕ ಚುಕ್ಕೆಗಳು ಕಂಡಿದ್ದಲ್ಲಿ ಈಗ ಬರಿಯ ಮಬ್ಬು. ಪರಮಾಣುಗಳು ಕೆಟ್ಟವೇನೋ ಎಂದು ಯಾರಾದರೂ ಶಂಕಿಸಬಹುದು. ಆದರೆ ಬೆಳಕನ್ನು ಮತ್ತೆ ಇಳಿಸಿದ ಕೂಡಲೇ, ಸೆಕೆಂಡಿನ ಕೆಲವೇ ಸಾವಿರದಂಶಗಳಲ್ಲಿ, ಚುಕ್ಕೆಗಳು ಮರಳಿಬಂದವು! ಹರಿಯಬೇಕಾದ ಕಣಗಳು ಹೀಗೆ ಜಿಗುಟಿ ಕೂರುವ ಸ್ಥಿತಿಗೆ ಆಂಗ್ಲ ವಿಜ್ಞಾನಿ ಮಾಟ್‌ರ ಹೆಸರಿದೆ. ಝೂರಿಕ್ಕಿನ ಅತಿವಾಹಕದ ಮೂಲವಸ್ತುವೂ ಇದೇ ಜಾತಿಯದು.

ಆದರೆ ರುಬಿಡಿಯಮ್ ಬೋಸರ ಎಣಿಕೆಗೆ ಸೇರಿದ್ದು, ಎಲೆಕ್ಟ್ರಾನು ಸೇರಿದ್ದಲ್ಲ. ಒಂದೇ ಬಗೆಯ ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲೊಲ್ಲವು. ಅದರ ಪಾತ್ರಕ್ಕೆ ತಕ್ಕದ್ದು ಹಗುರ ಲಿಥಿಯಮ್. ಹಾರ್ವರ್ಡಿಗೆ ಬಂದ ಗ್ರೈನರ್ ತಂಡ ಒಂದೊಂದು ಪರಮಾಣುವನ್ನೂ ತೋರಿಸುವ ಸೂಕ್ಷ್ಮದರ್ಶಕವನ್ನು ಕಟ್ಟಿ, 2017ರಲ್ಲಿ ಸುಮಾರು 80 ಮನೆಗಳ ಲಿಥಿಯಮ್ ಮಣೆಯೊಂದರಲ್ಲಿ ಪರಮಾಣುಗಳ ಕಾಂತದಿಕ್ಕುಗಳು ಚದುರಂಗದ ಮನೆಗಳಂತೆ ಒಂದುಬಿಟ್ಟೊಂದು ಮೇಲುಕೆಳಗಾಗಿ ನಿಂತುದನ್ನು ಕಂಡಿತು. ತಾಮ್ರದ ಆಕ್ಸೈಡಿನ ಆ ಮೂಲವಸ್ತುವಿನಲ್ಲಿರುವುದೂ ಇದೇ ವಿನ್ಯಾಸ. ಮಣೆಯಿಂದ ಕೆಲವು ಬೀಜಗಳನ್ನು ತೆಗೆದರೆ ಉಳಿದವು ಜೋಡಿಗೂಡಿ ತಡೆಯಿಲ್ಲದೆ ಹರಿಯುವವೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಅಂದಿನ ಶೈತ್ಯವೂ ಸಾಲದು. ಇನ್ನೂ ತಣಿಸುವ ಉಪಾಯಗಳನ್ನು ವಿಜ್ಞಾನಿಗಳು ಅರಸುತ್ತಿದ್ದಾರೆ.