‘ಎಕ್ಸೋಡಸ್’ ಎಂದರೇನು? ಹೊರಟವರು ಯಾರು?

ಆಂಗ್ಲ ಪತ್ರಿಕೆಗಳನ್ನು ಓದುವ ನಮ್ಮ ಗುಮಾಸ್ತ ಬಂಧುಗಳಿಗೆ ‘ಎಕ್ಸೋಡಸ್’ ಎಂಬ ಪದವು ಅಪರಿಚಿತವಲ್ಲ. ೨೦೨೦ನೆಯ ಇಸವಿಯ ಬೇಸಿಗೆಯಲ್ಲಿ ಅದು ದಿನಂಪ್ರತಿಯೆಂಬಂತೆ ಶಿರೋನಾಮೆಗಳಲ್ಲಿ ಕಾಣಿಸಿಕೊಂಡಿತು. ಕಂಪೆನಿಯೊಂದರಿಂದ ನೌಕರರು ಬಿಟ್ಟುಹೋದರೂ, ಪಕ್ಷವೊಂದರಿಂದ ಶಾಸಕರು ಹಾರಿದರೂ, ರಜೆಗೆಂದು ಪೇಟೆಯ ಜನ ಮೋಟಾರುಗಳಲ್ಲಿ ಹೊರಟರೂ ಅದೇ ಪದವನ್ನು ಬರೆಯುವ ರೂಢಿ ಬೆಳೆದಿದೆ. ಪದವೊಂದು ಇಷ್ಟು ಅಗ್ಗವಾದಾಗ ಅದರ ಮೂಲವನ್ನು ವಿಚಾರಿಸುವುದು ಉಚಿತ; ಅದರಲ್ಲಿಯೂ ಆ ಪದವನ್ನು ನಮ್ಮಂತಹ ಪರವೂರಿನ ದುಡಿಮೆಗಾರರಿಗೇ ಹಚ್ಚಿದಾಗ ವಿಚಾರಿಸದೆ ಇರಲಾಗದು.

ಗ್ರೀಕ್ ಭಾಷೆಯಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಹೊಡೊಸ್’ ಎಂದರೆ ದಾರಿ. ಹೊರಹೋಗುವುದು ಎಂಬಷ್ಟೇ ಅದರ ಮೂಲಾರ್ಥ. ಬೈಬಲಿನ ಎರಡನೆಯ ಗ್ರಂಥಕ್ಕೆ ಗ್ರೀಕ್ ಭಾಷಾಂತರದಲ್ಲಿ ಈ ಹೆಸರು ಬಂದಿತು. ಐಗುಪ್ತ ದೇಶದಲ್ಲಿ ಇಟ್ಟಿಗೆ ಮಾಡುವ ದಾಸ್ಯಕ್ಕೆ ಸಿಲುಕಿದ್ದ ಇಸ್ರಾಯೇಲ್ಯರು ಮೋಶೆಯ ಮುಂದಾಳುತನದಲ್ಲಿ ಹೊರಟುದೇ ಅದರ ಕಥೆ. ಆದುದರಿಂದ ಈ ಪದದಲ್ಲಿ ಮೂರು ಸಂಗತಿಗಳು ಅಡಗಿವೆ: ಬಹುಜನರು ಒಟ್ಟಾಗಿ ಹೊರಡುವುದು, ಸಹಿಸಲಾಗದ ಸ್ಥಿತಿಯಿಂದ ಹೊರಡುವುದು, ಮುಂದೊಂದು ನೆಲೆಯುಂಟೆಂಬ ನಂಬಿಕೆಯಿಂದ ಹೊರಡುವುದು. ಗುಂಪಿನ ಅರ್ಥವು ಪದದಲ್ಲಿಯೇ ಇರುವುದರಿಂದ ‘ಮಾಸ್ ಎಕ್ಸೋಡಸ್’ ಎನ್ನುವುದು ‘ಸಕ್ಕರೆಯ ಸಿಹಿಸಕ್ಕರೆ’ ಎಂದಂತೆ. ಕನ್ನಡಕ್ಕೆ ಬೈಬಲನ್ನು ತಂದವರು ಆ ಗ್ರಂಥವನ್ನು ‘ವಿಮೋಚನಕಾಂಡ’ವೆಂದು ಕರೆದರು. ಹೊರಟುದಕ್ಕಿಂತ ಬಿಡುಗಡೆಯೇ ಅವರಿಗೆ ಮುಖ್ಯವಾಗಿ ತೋರಿತು.

ನಮ್ಮಲ್ಲಿಯೂ ಇದಕ್ಕೆ ಪದಗಳಿಲ್ಲದಿಲ್ಲ. ಮಳೆ ಕೈಕೊಟ್ಟ ವರ್ಷ ರಾಯಚೂರು, ಕೊಪ್ಪಳ, ಯಾದಗಿರಿಗಳ ಕಡೆಯ ಕುಟುಂಬಗಳು ಮನೆಗೆ ಬೀಗವಿಕ್ಕಿ, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಪುಣೆ, ಗೋವೆಗಳ ದಾರಿ ಹಿಡಿಯುವುದಕ್ಕೆ ‘ಗುಳೆ’ ಎನ್ನುತ್ತಾರೆ. ಆದರೆ ಗುಳೆ ಹೋದವನು ಮುಂಗಾರಿಗೆ ಮರಳುವ ಆಸೆಯಲ್ಲಿರುತ್ತಾನೆ. ಕರಾವಳಿಯ ಹುಡುಗನು ಮಾವನ ಕೈಹಿಡಿದು ಮುಂಬಯಿಗೆ ಬಂದು ಹೋಟೇಲಿನಲ್ಲಿ ಲೋಟ ತೊಳೆಯಲು ನಿಂತುದು ಗುಳೆಯಲ್ಲ, ಎಕ್ಸೋಡಸ್ಸೂ ಅಲ್ಲ. ಅದು ಒಬ್ಬೊಬ್ಬನಾಗಿ ಬಂದ ವಲಸೆ.

ಈಗ ೨೦೨೦ನ್ನು ನೆನೆಯೋಣ. ಮಾರ್ಚ್ ೨೪ರ ರಾತ್ರಿ ೮ ಗಂಟೆಗೆ ಘೋಷಣೆ; ಮಧ್ಯರಾತ್ರಿಯಿಂದ ದೇಶವೆಲ್ಲ ಬಂದ್. ಕೆಲವೇ ದಿನಗಳಲ್ಲಿ ದಿಲ್ಲಿಯ ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ ಸಹಸ್ರಾರು ಜನ ನೆರೆದರು. ಏಪ್ರಿಲ್ ೧೪ರಂದು ನಮ್ಮ ಬಾಂದ್ರಾ ನಿಲ್ದಾಣದ ಹೊರಗೆ ಜನರು ಮುತ್ತಿದರು. ಶ್ರಮಿಕ ರೈಲುಗಳು ಹೊರಟುದು ಮೇ ೧ರಿಂದ. ಮೇ ೮ರ ಬೆಳಗಿನ ಜಾವ ಔರಂಗಾಬಾದ್ ಜಿಲ್ಲೆಯ ಕರ್ಮಾಡದ ಬಳಿ, ನಡೆದು ದಣಿದು ಹಳಿಯ ಮೇಲೆ ನಿದ್ದೆಹೋಗಿದ್ದ ೧೬ ಮಂದಿ ಕೂಲಿಕಾರರು ಸರಕು ಗಾಡಿಗೆ ಸಿಲುಕಿ ಮಡಿದರು. ಇವರು ಯಾವ ದಾಸ್ಯದಿಂದ ಬಿಡುಗಡೆ ಹೊಂದಿ ಹೊರಟಿದ್ದರು? ಮುಂದೆ ಯಾವ ಹೊಸ ನಾಡು ಅವರಿಗಾಗಿ ಕಾದಿತ್ತು? ಕೆಲಸ ನಿಂತಿತು, ಊಟ ನಿಂತಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ, ಅದರಿಂದ ಹೊರಟರು. ಇದನ್ನು ವಿಮೋಚನೆಯೆನ್ನಲು ನಮ್ಮ ಲೇಖನಿ ಒಪ್ಪದು.

ಆದರೂ ಆ ಪುರಾತನ ಕಥೆಯ ಒಂದು ಭಾಗವು ನಮ್ಮ ನಾಡಿನಲ್ಲಿಯೇ ಮರುಕಳಿಸಿತೆಂಬುದನ್ನು ಮರೆಮಾಚಬಾರದು. ಐಗುಪ್ತದ ಫರೋಹನು ಕೆಲಸಗಾರರನ್ನು ಹೋಗಗೊಡಲಿಲ್ಲ. ಅದೇ ಮೇ ೫ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಪಕರೊಡನೆ ಸಮಾಲೋಚಿಸಿದ ತರುವಾಯ, ಪರರಾಜ್ಯದ ಕೂಲಿಕಾರರ ರೈಲುಗಳನ್ನು ಕರ್ನಾಟಕ ಸರಕಾರವು ರದ್ದುಪಡಿಸಿತು. ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮರಳಿ ಓಡಿಸಲೊಪ್ಪಿತು. ಅದೇ ತಿಂಗಳ ೧೮ರಂದು, ಮಹಾರಾಷ್ಟ್ರವೇ ಮೊದಲಾದ ರಾಜ್ಯಗಳಿಂದ ಬರುವವರಿಗೆ ಮೇ ೩೧ರವರೆಗೆ ಪ್ರವೇಶವಿಲ್ಲವೆಂದು ನಿರ್ಣಯವಾಯಿತು. ಹೋಗಬಯಸಿದವರಿಗೆ ಹೊರಬಾಗಿಲು ಮುಚ್ಚಿತು. ಬರಬಯಸಿದ ನಮ್ಮವರಿಗೆ ಒಳಬಾಗಿಲು ಮುಚ್ಚಿತು. ‘ಮುಂಬಯಿಯಿಂದ ಬಂದವರು’ ಎಂಬ ಮಾತು ತವರೂರಿನಲ್ಲಿಯೇ ಹೇಗೆ ಕಿವಿಗೆ ಬಿದ್ದಿತೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಅದೇ ಗ್ರಂಥಕ್ಕೆ ಹೀಬ್ರೂ ಭಾಷೆಯಲ್ಲಿ ‘ಶೆಮೋತ್’ ಎಂದು ಹೆಸರು. ಹಾಗೆಂದರೆ ‘ಹೆಸರುಗಳು’. ಐಗುಪ್ತಕ್ಕೆ ಹೋದವರ ಹೆಸರುಗಳಿಂದಲೇ ಆ ಗ್ರಂಥ ಆರಂಭವಾಗುತ್ತದೆ. ಗ್ರೀಕ್ ಹೆಸರು ಹೊರಟುದನ್ನು ಕಂಡಿತು. ಹೀಬ್ರೂ ಹೆಸರು ಜನರ ಹೆಸರುಗಳನ್ನು ನೆನೆಯಿತು. ನಮ್ಮಲ್ಲಿ ನಡೆದುದೇನು? ೨೦೨೦ರ ಸೆಪ್ಟೆಂಬರಿನಲ್ಲಿ ಕಾರ್ಮಿಕ ಸಚಿವಾಲಯವು ಲೋಕಸಭೆಗೆ, ಊರಿಗೆ ಮರಳಿದ ಕೂಲಿಕಾರರು ಸುಮಾರು ೧.೦೪ ಕೋಟಿಯೆಂದಿತು, ದಾರಿಯಲ್ಲಿ ಸತ್ತವರೆಷ್ಟೆಂದರೆ ಲೆಕ್ಕವಿಲ್ಲವೆಂದಿತು.

ಸರಕಾರವನ್ನು ದೂರುವ ಮೊದಲು ನಮ್ಮ ತಪ್ಪನ್ನೂ ಹೇಳಿಬಿಡುವೆವು. ಸಂಪಾದಕತ್ವಕ್ಕೆ ಬರುವ ಮುನ್ನ ನಾವು ಹೋಟೇಲಿನ ಗಲ್ಲದಲ್ಲಿ ಕುಳಿತವರು. ಆ ಬೇಸಿಗೆಯಲ್ಲಿ ನಮ್ಮ ಹುಡುಗರು ಒಬ್ಬೊಬ್ಬರಾಗಿ ಹೊರಟುಹೋದ ಮೇಲೆ ಅವರನ್ನು ವಿಚಾರಿಸೋಣವೆಂದು ಹಾಜರಿ ಪುಸ್ತಕ ತೆರೆದೆವು. ಕರೆಯುವ ಹೆಸರು, ಮುಂಗಡದ ಮೊತ್ತ ಇವೆರಡೇ ಅದರಲ್ಲಿದ್ದವು. ಊರಿಲ್ಲ, ತಂದೆಯ ಹೆಸರಿಲ್ಲ. ಆರು ವರ್ಷ ನಮ್ಮ ಇಡ್ಲಿ ಬೇಯಿಸಿದವನ ಹಳ್ಳಿ ಯಾವುದೆಂದು ನಮಗೆ ತಿಳಿದಿರಲಿಲ್ಲ.

೧೯೭೯ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು ಇಂತಹವರ ದಾಖಲೆಯಿಡಬೇಕೆಂದು ವಿಧಿಸಿತ್ತು. ಆದರೆ ಅದು ಗುತ್ತಿಗೆದಾರರು ಕರೆತಂದವರಿಗಷ್ಟೇ ಅನ್ವಯಿಸುತ್ತಿತ್ತು. ಮಾವನೊಡನೆ ಬಂದ ಹುಡುಗನಿಗಲ್ಲ. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಸಂಹಿತೆಯು ತಾನಾಗಿ ಬಂದವನನ್ನೂ ಲೆಕ್ಕಕ್ಕೆ ಸೇರಿಸುತ್ತದೆ, ಊರಿಗೆ ಹೋಗಿಬರುವ ಖರ್ಚನ್ನು ಮಾಲಿಕನು ಕೊಡಬೇಕೆನ್ನುತ್ತದೆ. ಇದು ಸ್ವಾಗತಾರ್ಹ. ಆದರೆ ಹಿಂದೆ ೫ ಮಂದಿಯಿದ್ದಲ್ಲಿ ಅನ್ವಯಿಸುತ್ತಿದ್ದ ನಿಯಮವು ಈಗ ೧೦ ಮಂದಿ ವಲಸೆಗಾರರಿದ್ದಲ್ಲಿ ಮಾತ್ರ ಅನ್ವಯ. ನಮ್ಮ ಗಲ್ಲಿಗಳ ಸಣ್ಣ ಹೋಟೇಲುಗಳನೇಕ ಇದರ ಹೊರಗೇ ಉಳಿಯುತ್ತವೆ.

ಅಂತಹ ಹೋಟೇಲುಗಳ ಮಾಲಿಕರಲ್ಲಿ ನಮ್ಮ ವಿನಂತಿಯಿಷ್ಟೇ: ಕಾನೂನು ಕೇಳದಿದ್ದರೂ ಪ್ರತಿಯೊಬ್ಬನ ಪೂರ್ತಿ ಹೆಸರು, ಊರು, ಮನೆಯವರ ಫೋನ್ ನಂಬರುಗಳನ್ನು ಇಂದೇ ಬರೆದಿಡಿರಿ. ಕೆಲಸಗಾರ ಬಂಧುಗಳೇ, ನೀವೂ ಅದನ್ನು ಕೇಳಿ ಬರೆಯಿಸಿರಿ. ೨೦೨೧ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು ಮಾಡಿಸಿಕೊಳ್ಳಿರಿ. ಇನ್ನೊಮ್ಮೆ ಅಂತಹ ದಿನ ಬಾರದಿರಲಿ. ಬಂದರೆ, ಹೊರಟವರು ಯಾರೆಂದು ಹೇಳಲಾದರೂ ನಮಗೆ ಸಾಧ್ಯವಾಗಲಿ.