ಹೊಸ ಗಿಟಾರಿಗೆ ಹಳೆಯ ಗೀರು



ಹೋದ ಸಂಚಿಕೆಯಲ್ಲಿ ಬೀಸುವ ಕಲ್ಲಿನ ಬಗ್ಗೆ ಬರೆದಿದ್ದೆನಷ್ಟೆ. ಅದನ್ನು ಓದಿದ ನಮ್ಮ ಸಂಘದ ಹುಡುಗನೊಬ್ಬ ದೇಹೂ ರೋಡ್ ಸ್ಟೇಷನ್ನಿನಲ್ಲಿ ಸಿಕ್ಕ. ಇಬ್ಬರೂ ಪುಣೆಯ ಲೋಕಲ್‌ಗೆ ಕಾಯುತ್ತಿದ್ದೆವು. "ಕಾಕು, ನೀವು ಯಾವಾಗಲೂ ಹಳೇ ಸಾಮಾನಿನ ಬಗ್ಗೇನ ಬರೀತೀರಿ. ಒಮ್ಮೆ ನಮಗ ಬೇಕಾಗಿದ್ದರ ಬಗ್ಗೆ ಬರೀರಲಾ" ಎಂದ. ಅವನ ಬೆನ್ನ ಮೇಲೆ ಗಿಟಾರಿನ ಚೀಲವಿತ್ತು. "ಆಗಲಿ, ಗಿಟಾರಿನ ಬಗ್ಗೇನ ಬರೀತೀನಿ. ಆದರ ಅದೂ ಹಳೇ ಸಾಮಾನಿನ ಕಥೀನ ಆಗ್ತದ ನೋಡು" ಎಂದು ಹೇಳಿ ಮನೆಗೆ ಬಂದೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ!

ಗಿಟಾರಿನ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ನನಗೆ ಬಾರಿಸಲು ಬರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಗಿಟಾರಿನ ವಿಷಯಕ್ಕೆ ಒಂದು ಜಗಳವೂ ಆಗಿದೆ, ಒಂದು ತಪ್ಪೂ ಆಗಿದೆ. ಜಗಳ ಮಗನದು, ತಪ್ಪು ನನ್ನದು. ಮೊದಲು ಜಗಳದ ಕಥೆ ಹೇಳುತ್ತೇನೆ.

ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಮಗ ಕಳೆದ ವರ್ಷ ದೀಪಾವಳಿಯ ಬೋನಸ್ಸು ಬಂದಾಗ ಒಂದು ಎಲೆಕ್ಟ್ರಿಕ್ ಗಿಟಾರಿನ ಚಿತ್ರ ತೋರಿಸಿದ. ಬಣ್ಣ ಕಿತ್ತುಹೋಗಿ ಒಳಗಿನ ಮರ ಕಾಣುತ್ತಿತ್ತು. ಲೋಹದ ತುಂಡುಗಳೆಲ್ಲ ತುಕ್ಕು ಹಿಡಿದಿದ್ದವು. "ಸೆಕೆಂಡ್ ಹ್ಯಾಂಡಾ?" ಎಂದೆ. "ಇಲ್ಲಮ್ಮಾ, ಹೊಸಾದು. ಲಿಮಿಟೆಡ್ ಎಡಿಶನ್" ಎಂದ. ಬೆಲೆ ನಾಲ್ಕು ಲಕ್ಷಕ್ಕೂ ಮೇಲೆ! ನಮ್ಮ ಮನೆಯವರು ಇಲ್ಲಿನ ಡಿಪೋದಲ್ಲಿ ಮೂವತ್ತು ವರ್ಷ ಸಾಮಾನಿನ ಲೆಕ್ಕ ಇಟ್ಟವರು. ಕನ್ನಡಕ ಏರಿಸಿ ನೋಡಿ, "ಇಂಥಾ ಮಾಲು ಬಂದರ ನಾವು ಡ್ಯಾಮೇಜ್ ಅಂತ ಬರೆದು ವಾಪಸ್ ಕಳಸ್ತಿದ್ವಿ" ಎಂದರು. ಮಗ ಸಿಟ್ಟಾಗಿ ಎದ್ದುಹೋದ. ಎರಡು ದಿನ ಊಟದ ಹೊತ್ತಿಗೆ ಮಾತಿಲ್ಲ.

ಮೂರನೆಯ ದಿನ ನಾನೇ ಅವನನ್ನು ಕೂರಿಸಿಕೊಂಡು, "ಇದೇನು ಅಂತ ನನಗ ಹೇಳಿಕೊಡು" ಎಂದೆ. ಅವನು ಹೇಳಿದ್ದು ಕೆಲವು, ಆಮೇಲೆ ನಾನೇ ಓದಿ ತಿಳಿದದ್ದು ಕೆಲವು. ಅವನ್ನು ನಿಮ್ಮ ಮುಂದಿಡುತ್ತೇನೆ.

ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಪೊಳ್ಳಾಗಿರಬೇಕಿಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತಕ್ಕೆ ತೆಳುವಾದ ತಾಮ್ರದ ತಂತಿ ಸುತ್ತಿದ ಪಿಕಪ್ ಇರುತ್ತದೆ. ಮೇಲಿನ ತಂತಿ ಕಂಪಿಸಿದಾಗ ಅದರಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಇಂಥ ಗಟ್ಟಿಮರದ ಗಿಟಾರನ್ನು ಜನಪ್ರಿಯಗೊಳಿಸಿದವರಲ್ಲಿ ಮೊದಲಿಗ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಈ ಮನುಷ್ಯನಿಗೆ ಗಿಟಾರ್ ಬಾರಿಸಲು ಬರುತ್ತಿರಲಿಲ್ಲವಂತೆ! (ನನಗೆ ಸ್ವಲ್ಪ ಸಮಾಧಾನವಾಯಿತು.) ಅವನ ಟೆಲಿಕಾಸ್ಟರ್‌ಗೆ ಆ ಹೆಸರು ಬಂದದ್ದು 1951ರಲ್ಲಿ. ಸ್ಟ್ರಾಟೋಕಾಸ್ಟರ್ ಬಂದದ್ದು 1954ರಲ್ಲಿ. ನಡುವೆ 1952ರಲ್ಲಿ ಗಿಬ್ಸನ್ ಕಂಪನಿ ಲೆಸ್ ಪಾಲ್ ಗಿಟಾರನ್ನು ತಂದಿತು. ಇಂದಿಗೂ ಅಂಗಡಿಯಲ್ಲಿ ನೀವು ನೋಡುವ ಬಹುಪಾಲು ಎಲೆಕ್ಟ್ರಿಕ್ ಗಿಟಾರುಗಳು ಈ ಮೂರರ ಮಕ್ಕಳು, ಮೊಮ್ಮಕ್ಕಳೇ.

ಲೆಸ್ ಪಾಲ್‌ನ ಕಥೆ ಸ್ವಾರಸ್ಯವಾಗಿದೆ. 1958ರಿಂದ 1960ರವರೆಗೆ ಅದನ್ನು ಸೂರ್ಯಾಸ್ತದ ಕೆಂಪು-ಹಳದಿ ಬಣ್ಣದಲ್ಲಿ ಮಾಡಿದರು. ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಕಂಪನಿ ಬೇಸತ್ತು ಅದರ ಆಕಾರವನ್ನೇ ಬದಲಾಯಿಸಿತು. ಕೆಲವು ವರ್ಷಗಳ ನಂತರ ಎರಿಕ್ ಕ್ಲಾಪ್ಟನ್‌ನಂಥ ಇಂಗ್ಲೆಂಡಿನ ಹುಡುಗರು ಹಳೆಯ ಲೆಸ್ ಪಾಲ್ ಹಿಡಿದು ಬಾರಿಸಿದಾಗ ಎಲ್ಲರಿಗೂ ಅದೇ ಬೇಕಾಯಿತು. 1968ರಲ್ಲಿ ಕಂಪನಿ ಲೆಸ್ ಪಾಲ್ ತಯಾರಿಕೆಯನ್ನು ಮತ್ತೆ ಶುರು ಮಾಡಬೇಕಾಯಿತು. ಅಂದು ಮಾರಾಟವಾಗದೆ ಉಳಿದ ಆ ಗಿಟಾರುಗಳಿಗೆ ಇಂದು ಸಂಗ್ರಾಹಕರು ಲಕ್ಷಾಂತರ ಡಾಲರ್ ಕೊಡುತ್ತಾರೆ.

ಫೆಂಡರ್ ಕಂಪನಿಯದೂ ಹೀಗೆಯೇ. 1965ರ ಜನವರಿಯಲ್ಲಿ ಲಿಯೋ ಫೆಂಡರ್ ಅದನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಆಮೇಲೆ ಗುಣಮಟ್ಟ ಇಳಿಯಿತು ಎಂಬ ದೂರು ಎದ್ದು, ಅದಕ್ಕೂ ಹಿಂದಿನವನ್ನು ಜನ ಹುಡುಕತೊಡಗಿದರು. 1982ರಲ್ಲಿ ಕಂಪನಿಯೇ ತನ್ನ ಹಳೆಯ ಮಾದರಿಗಳ ನಕಲನ್ನು ಮಾಡಿ ಮಾರಲು ಆರಂಭಿಸಿತು. ಇವೇ ರೀಇಶ್ಯೂ, ಅಂದರೆ ಹಳೆ ಮಾದರಿಯ ಹೊಸ ಗಿಟಾರುಗಳು. 1987ರಲ್ಲಿ ವಿಶೇಷ ಗಿಟಾರುಗಳಿಗಾಗಿ ಕಸ್ಟಮ್ ಶಾಪ್ ತೆರೆಯಿತು. 1995ರಲ್ಲಿ ಅಲ್ಲಿಂದ ರೆಲಿಕ್ ಬಂತು. ಹೊಸ ಗಿಟಾರನ್ನು ಉಜ್ಜಿ, ಗೀರಿ, ಲೋಹಕ್ಕೆ ತುಕ್ಕು ಬರಿಸಿ ನಲವತ್ತು ವರ್ಷ ಬಾರಿಸಿದಂತೆ ಕಾಣಿಸುವುದು! ಮಗ ತೋರಿಸಿದ್ದು ಇದೇ.

ಅವನಿಗೆ ನಾನು ಹೇಳಿದ್ದಿಷ್ಟು: ಹಳೆಯ ಲೆಸ್ ಪಾಲ್ ಕಡಿಮೆ ಇರುವುದು ಅಂದು ಜನ ಕೊಳ್ಳಲಿಲ್ಲ ಎಂಬ ಕಾರಣಕ್ಕೆ. ಲಿಮಿಟೆಡ್ ಎಡಿಶನ್ ಕಡಿಮೆ ಇರುವುದು ಇಷ್ಟೇ ಮಾಡೋಣ ಎಂದು ಯಾರೋ ಮೊದಲೇ ತೀರ್ಮಾನಿಸಿದ್ದರಿಂದ. ಎರಡೂ ಅಪರೂಪವೇ, ಆದರೆ ಒಂದೇ ಅಲ್ಲ. ಅವನು ಸುಮ್ಮನಿದ್ದ. ಆಮೇಲೆ, "ಅಮ್ಮಾ, ರೋರಿ ಗ್ಯಾಲಗರ್‌ನ ಗಿಟಾರ್ ನೋಡು" ಎಂದು ಇನ್ನೊಂದು ಚಿತ್ರ ತೆಗೆದ.

ರೋರಿ ಗ್ಯಾಲಗರ್ ಐರ್ಲೆಂಡಿನ ಕಲಾವಿದ. 1963ರಲ್ಲಿ, ಇನ್ನೂ ಹದಿನೈದರ ಹುಡುಗ, ಕಾರ್ಕ್ ಪಟ್ಟಣದ ಅಂಗಡಿಯೊಂದರಿಂದ 1961ರ ಸ್ಟ್ರಾಟೋಕಾಸ್ಟರ್ ಒಂದನ್ನು ಸುಮಾರು ನೂರು ಪೌಂಡಿಗೆ ಸಾಲದ ಮೇಲೆ ಕೊಂಡ. 1995ರಲ್ಲಿ ತೀರಿಕೊಳ್ಳುವವರೆಗೂ ಅದು ಅವನ ಜೊತೆಗಿತ್ತು. ಅವನ ಬೆವರಿಗೇ ಅದರ ಬಣ್ಣ ಕಿತ್ತು, ಬಹುಪಾಲು ಬರೀ ಮರವೇ ಉಳಿಯಿತು. ಕಸ್ಟಮ್ ಶಾಪ್ ಅದರ ಪ್ರತಿಗಳನ್ನು ಕಿತ್ತ ಬಣ್ಣದ ಸಮೇತ ಮಾಡಿ ಮಾರಿತು. 2024ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೂಲ ಗಿಟಾರ್ ಹರಾಜಾದಾಗ 8,89,400 ಪೌಂಡ್ ಬಂತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡುವುದಾಗಿ ಹೇಳಿದರು. "ಅವನ ಕೈ ಎಲ್ಲಿ ಕೂಡ್ತಿತ್ತೋ ಅಲ್ಲೇ ಸವದದ ನೋಡು" ಎಂದು ಮಗ ಬೆರಳಿಟ್ಟು ತೋರಿಸಿದ.

ಆ ಬೆರಳು ನೋಡಿ ನನ್ನ ಎದೆ ಧಸಕ್ಕೆಂದಿತು. ಅದೇ ನನ್ನ ತಪ್ಪಿನ ಕಥೆ.

ನನ್ನ ತಮ್ಮ ಹುಬ್ಬಳ್ಳಿಯ ಹುಡುಗ. 1981ರಲ್ಲಿ ಬಂದ 'ಗೀತಾ' ಚಿತ್ರದ ಶಂಕರ್ ನಾಗ್ ಅವನ ದೇವರು. ಕಾಲೇಜಿಗೆ ಬಂದ ಮೇಲೆ ಟ್ಯೂಷನ್ ಹೇಳಿ ಹಣ ಕೂಡಿಸಿ ಕಲ್ಕತ್ತಾದಲ್ಲಿ ತಯಾರಾದ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಂಡ. ಗಣಪತಿ ಹಬ್ಬದ ಹನ್ನೊಂದು ದಿನವೂ ಆರ್ಕೆಸ್ಟ್ರಾ. ರಾಜನ್-ನಾಗೇಂದ್ರರ ಹಾಡೆಂದರೆ ಅವನು ಮುಂದೆ ಬಂದು ನಿಲ್ಲುತ್ತಿದ್ದ. ಬೆರಳಿಡುವ ಕಪ್ಪು ಹಲಗೆಯನ್ನು ತೋರಿಸಿ, "ಅಕ್ಕಾ, ಇದು ನಮ್ಮ ದಾಂಡೇಲಿ ಕಡೆ ಬೀಟಿ ಕಟಗಿ ಅದ ನೋಡು" ಎಂದು ಜಂಬ ಕೊಚ್ಚುತ್ತಿದ್ದ. 2009ರಲ್ಲಿ ಅವನು ಹೃದಯಾಘಾತದಿಂದ ಹೋದ. ಗಿಟಾರ್ ನಮ್ಮ ಮನೆಯ ಅಟ್ಟ ಸೇರಿತು.

ಐದಾರು ವರ್ಷದ ಹಿಂದೆ, ಮಗನ ಹುಟ್ಟುಹಬ್ಬಕ್ಕೆ ಮಾಮಾನ ಗಿಟಾರನ್ನು ಸರಿಮಾಡಿಸಿ ಕೊಡೋಣವೆಂದು ಅವನಿಗೆ ಹೇಳದೆ ಪೇಟೆಯ ಒಂದು ಅಂಗಡಿಗೆ ಕೊಟ್ಟೆ. "ಹೊಸದರಂಗ ಮಾಡಿಕೊಡ್ರಿ" ಎಂದೆ. ಅವರು ಹೇಳಿದಂತೆ ಮಾಡಿದರು. ಹಳೆಯ ಬಣ್ಣ ಕೆರೆದು ಫಳಫಳ ಕೆಂಪು ಬಳಿದರು. ಕಪ್ಪು ಹಲಗೆಯ ಮೇಲೆ ಬೆರಳು ಊರಿ ಊರಿ ಬಿದ್ದಿದ್ದ ಸಣ್ಣ ಸಣ್ಣ ತಗ್ಗುಗಳನ್ನು ಉಜ್ಜಿ ಸಮ ಮಾಡಿದರು. ನಾನು ಹೆಮ್ಮೆಯಿಂದ ಕೊಟ್ಟೆ. ಮಗ ಕೈಯಲ್ಲಿ ಹಿಡಿದು, ಹಲಗೆಯ ಮೇಲೆ ಬೆರಳಾಡಿಸಿ, "ಭಾಳ ಛಲೋ ಆಗೇದಮ್ಮಾ" ಎಂದ. ಅಷ್ಟೇ. ಆಮೇಲೆ ಅದನ್ನು ಹೆಚ್ಚು ಮುಟ್ಟಲಿಲ್ಲ. ಯಾಕೆಂದು ನನಗೆ ಹೊಳೆದಿರಲಿಲ್ಲ. ಚಿಕ್ಕಂದಿನಲ್ಲಿ ಅವನು ಅಟ್ಟ ಹತ್ತಿ, ಆ ತಗ್ಗುಗಳಲ್ಲಿ ಬೆರಳಿಟ್ಟು ಮಾಮಾ ಎಲ್ಲೆಲ್ಲಿ ಒತ್ತುತ್ತಿದ್ದನೆಂದು ಹುಡುಕುತ್ತಿದ್ದನಂತೆ. ಇದನ್ನು ಅವನು ಹೇಳಿದ್ದು ರೋರಿಯ ಚಿತ್ರ ತೋರಿಸಿದ ಆ ದಿನ.

ಮರುಬಣ್ಣ ಬಳಿದ ಹಳೆ ಗಿಟಾರಿಗೆ ಸಂಗ್ರಾಹಕರ ಪೇಟೆಯಲ್ಲಿ ಸಾಮಾನ್ಯವಾಗಿ ಅರ್ಧ ಬೆಲೆ ಎಂದು ಓದಿದೆ. ನಮ್ಮದಕ್ಕೆ ಮೊದಲೂ ದೊಡ್ಡ ಬೆಲೆಯೇನೂ ಇರಲಿಲ್ಲ ಬಿಡಿ. ಹೋದದ್ದು ಬೇರೆ.

ತಮ್ಮ ಜಂಬ ಪಡುತ್ತಿದ್ದ ಬೀಟೆಯ ವಿಷಯವನ್ನೂ ನೀವು ತಿಳಿದಿರಬೇಕು. ನಮ್ಮ ಪಶ್ಚಿಮ ಘಟ್ಟದ ಬೀಟೆಯೇ ಜಗತ್ತು ಇಂಡಿಯನ್ ರೋಸ್‌ವುಡ್ ಎಂದು ಕರೆಯುವ ಮರ. ಇಲ್ಲಿ ಮರಾಠಿಯಲ್ಲಿ ಶಿಸವ್ ಎನ್ನುತ್ತಾರೆ. ಮೈಸೂರಿನ ಕೆತ್ತನೆ ಕೂರಿಸಿದ ಮರದ ಚಿತ್ರಗಳಿಗೂ ಇದೇ ಮರ. ಹಿಂದೆ ಗಿಟಾರುಗಳಿಗೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರು. ಅಲ್ಲಿಂದ ದಿಮ್ಮಿ ಬರುವುದು 1960ರ ದಶಕದಲ್ಲಿ ಕಷ್ಟವಾದ ಮೇಲೆ ನಮ್ಮ ಬೀಟೆಗೆ ಬೇಡಿಕೆ ಬಂತು. ಬ್ರೆಜಿಲ್‌ನ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನು 1992ರಲ್ಲಿ ಸೈಟಿಸ್ ಒಪ್ಪಂದ ಹೆಚ್ಚುಕಡಿಮೆ ನಿಲ್ಲಿಸಿತು. 2017ರ ಜನವರಿಯಿಂದ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳ ವ್ಯಾಪಾರಕ್ಕೆ ಪರವಾನಗಿ ಬೇಕಾಯಿತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು.

ಇದರಿಂದ ಒಂದು ವಿಚಿತ್ರ ಲಿಮಿಟೆಡ್ ಎಡಿಶನ್ನೂ ಹುಟ್ಟಿತು! 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಭಾರತದಿಂದ ಬಂದಿದ್ದ ಬೀಟೆ ಮತ್ತು ಕರಿಮರದ ಹಲಗೆಗಳನ್ನು ವಶಪಡಿಸಿಕೊಂಡರು. ಅರೆಬರೆ ಕೊಯ್ದ ಮರವನ್ನು ಹೊರದೇಶಕ್ಕೆ ಕಳಿಸಲು ಭಾರತದ ಕಾನೂನಿನಲ್ಲಿ ಅವಕಾಶವಿಲ್ಲ ಎಂಬುದು ತಕರಾರು. 2012ರಲ್ಲಿ ರಾಜಿಯಾಯಿತು. ಮಡಗಾಸ್ಕರ್‌ನ ಕರಿಮರದ ವಿಷಯದಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ಮರ ವಾಪಸು ಸಿಕ್ಕಿತು. ಸರ್ಕಾರ ಮರಳಿಸಿದ ಮರವೆಂದೇ ಹೇಳಿ ಕಂಪನಿ 'ಗವರ್ನಮೆಂಟ್ ಸೀರೀಸ್' ಎಂಬ ಗಿಟಾರುಗಳನ್ನು ಮಾಡಿ ಮಾರಿತು. ವ್ಯಾಪಾರಿಯ ಬುದ್ಧಿ ನೋಡಿ!

ಇನ್ನು ನಿಮ್ಮಲ್ಲಿ ಕೊಳ್ಳುವವರಿಗೆ ನಾಲ್ಕು ಮಾತು. ಬಾರಿಸಲು ಬೇಕಾದರೆ ಹಳೆ ಮಾದರಿಯ ಸಾಧಾರಣ ರೀಇಶ್ಯೂ ಸಾಕು. ಉಳಿದ ಹಣ ಒಳ್ಳೆಯ ಆಂಪ್ಲಿಫೈಯರಿಗೂ ಗುರುದಕ್ಷಿಣೆಗೂ ಇರಲಿ. ಲಿಮಿಟೆಡ್ ಎಂದರೆ ಎಷ್ಟು ಮಾಡಿದ್ದಾರೆ, ಬಣ್ಣ ಮಾತ್ರ ಬೇರೆಯೋ ಒಳಗಿನದೂ ಬೇರೆಯೋ ಎಂದು ಕೇಳಿ. ನಿಜವಾದ ಹಳೆಯದೆಂದು ಯಾರಾದರೂ ಹೇಳಿದರೆ ಸೀರಿಯಲ್ ನಂಬರೊಂದನ್ನೇ ನಂಬಬೇಡಿ. ಕತ್ತನ್ನು ಬಿಚ್ಚಿದರೆ ಅದರ ಬುಡದಲ್ಲಿ ಅನೇಕ ಸಲ ತಾರೀಖು ಇರುತ್ತದೆ. ಒಳಗಿನ ವಾಲ್ಯೂಮ್ ಗುಂಡಿಯ ಬೆನ್ನ ಮೇಲೂ ಅಂಕಿಗಳಿರುತ್ತವೆ. 1376523 ಎಂದಿದ್ದರೆ ಮೊದಲ ಮೂರು ತಯಾರಕರ ಗುರುತು, ಆಮೇಲಿನದು 1965ನೆಯ ಇಸವಿಯ 23ನೆಯ ವಾರ. ಅಂಥ ಗುಂಡಿ ಇರುವ ಗಿಟಾರನ್ನು 1962ರದೆಂದು ಮಾರಲು ಬಂದರೆ, ಒಂದೋ ಗುಂಡಿ ಬದಲಾಗಿದೆ, ಇಲ್ಲವೇ ಮಾತು ಸುಳ್ಳು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಮರ ಉಬ್ಬಿ ಕತ್ತು ಬಾಗುವುದುಂಟು. ತಿಳಿದವರಿಂದ ಒಳಗಿನ ಕಂಬಿಯನ್ನು ಸರಿಮಾಡಿಸಿದರೆ ಸಾಕು, ಗಾಬರಿ ಬೇಡ.

ಎಲ್ಲಕ್ಕಿಂತ ಮುಖ್ಯ, ಮನೆಯ ಹಳೆಯ ವಾದ್ಯವನ್ನು ರಿಪೇರಿ ಮಾಡಿಸಿ, ಹೊಸದು ಮಾಡಿಸಬೇಡಿ. ನಮ್ಮ ಅಮ್ಮ ವೀಣೆಗೆ ಮೇಳ ಕಟ್ಟಿಸುತ್ತಿದ್ದಳು. ಮೇಣ ಹೊಸದು, ಮೆಟ್ಟಿಲು ಸರಿಯಾಗುತ್ತಿತ್ತು, ವೀಣೆ ಅದೇ ಇರುತ್ತಿತ್ತು. ನಾವು ಊರಿಗೆ ಹೋಗುವ ದಾರಿಯ ಮಿರಜದಲ್ಲಿ ತಂಬೂರಿ, ಸಿತಾರ್ ಮಾಡುವ ಕುಟುಂಬಗಳು ತಲೆಮಾರುಗಳಿಂದ ಹಳೆಯ ವಾದ್ಯಕ್ಕೆ ಜವಾರಿ ತೆಗೆದುಕೊಡುತ್ತ ಬಂದಿವೆ. ಇಷ್ಟು ಕಂಡಿದ್ದೂ ನಾನು "ಹೊಸದರಂಗ ಮಾಡಿ" ಎಂದೆನಲ್ಲ ಎಂದು ಈಗಲೂ ಕಸಿವಿಸಿಯಾಗುತ್ತದೆ.

ಮಗ ಆ ನಾಲ್ಕು ಲಕ್ಷದ ಗಿಟಾರ್ ಕೊಳ್ಳಲಿಲ್ಲ. ನಾನು ಬೇಡ ಎಂದದ್ದಕ್ಕಲ್ಲ, ನಾನು ಬೇಡ ಎನ್ನಲೇ ಇಲ್ಲ. ನಾನು ತಪ್ಪು ಒಪ್ಪಿಕೊಂಡ ರಾತ್ರಿ ಅವನು ಮಾಮಾನ ಗಿಟಾರ್ ತೆಗೆದು ತಂತಿ ಬದಲಾಯಿಸಿದ. ಒಳಗಿನ ಪಿಕಪ್ ಮಾಮಾನ ಕಾಲದ್ದೇ, ಅದನ್ನು ಅಂಗಡಿಯವರು ಮುಟ್ಟಿರಲಿಲ್ಲ. ದನಿ ಸ್ವಲ್ಪ ಗೊರಗೊರ ಎನ್ನುತ್ತದೆ, ಅದೇ ಗೊರಗೊರ ನನಗೆ ಗುರುತಿನದು. ಈ ಸಲದ ರಾಜ್ಯೋತ್ಸವದಲ್ಲಿ ನೀವೇ ಕೇಳಿದ್ದೀರಿ. ಮುಂದಿನ ಸಾಲಿನಲ್ಲಿ ಕೂತ ನಮ್ಮ ಮನೆಯವರು ಚಪ್ಪಾಳೆ ಹೊಡೆದರು.

ಮೊನ್ನೆ ಧೂಳು ಒರೆಸುವಾಗ ನೋಡಿದೆ. ಅವನ ಮೊಣಕೈ ಕೂರುವಲ್ಲಿ ಆ ಕೆಂಪು ಬಣ್ಣದ ಹೊಳಪು ಕೊಂಚ ಮಾಸಿದೆ. ಬಟ್ಟೆಯನ್ನು ಅಲ್ಲಿ ಒತ್ತಿ ಉಜ್ಜಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಅಜ್ಜನ ಹಾರ್ಮೋನಿಯಂ, ಮಾಮಾನ ಬುಲ್‌ಬುಲ್ ತರಂಗ್ ಏನಾದರೂ ಇದ್ದೀತು. ಕೆಳಗಿಳಿಸಿ, ಯಾರದು, ಯಾವ ಹಾಡು ಬಾರಿಸುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ, ನಮಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.