ಅಕ್ಷರಗಳು ಜಗಳಾಡುವಲ್ಲಿ ಉತ್ತರವಿದೆ

ಎಚ್ ಪಕ್ಕದಲ್ಲೇ ಕ್ಯೂ ಇರುವ ಇಂಗ್ಲಿಷ್ ಪದ ಯಾವುದು? ಇಂಥ ಒಗಟು ಎದುರಾದಾಗ ಹೆಚ್ಚಿನವರು ಗೊತ್ತಿರುವ ಪದಗಳನ್ನೆಲ್ಲ ಒಂದೊಂದಾಗಿ ತಡಕಾಡುತ್ತಾರೆ. ಅದು ಸುತ್ತುದಾರಿ. ಈ ಎರಡು ಅಕ್ಷರಗಳು ಒಂದೇ ಮೂಲಪದದಲ್ಲಿ ಜೊತೆಯಾಗುವುದು ತೀರಾ ಅಪರೂಪ. ಹಾಗಿದ್ದರೆ ಅಲ್ಲಿ ಎರಡು ಪದಗಳು ಕೂಡಿರಬೇಕು: ಎಚ್‌ನಲ್ಲಿ ಮುಗಿಯುವುದೊಂದು, ಕ್ಯೂನಿಂದ ಶುರುವಾಗುವುದೊಂದು. ಅರ್ಥ್, ಕ್ವೇಕ್. ಅರ್ಥ್‌ಕ್ವೇಕ್ ಸಿಕ್ಕಿತು. ಕೆ-ಜಿ-ಆರ್ ಕೇಳಿದರೆ ಬ್ಯಾಕ್‌ಗ್ರೌಂಡ್. ಕ್ಯಾಚ್‌ಫ್ರೇಸ್‌ನಲ್ಲಂತೂ ಟಿ-ಸಿ-ಎಚ್-ಪಿ-ಎಚ್-ಆರ್ ಎಂದು ಆರು ವ್ಯಂಜನಗಳು ಸಾಲಾಗಿ ನಿಂತಿವೆ. ಇಂಗ್ಲಿಷ್ ಪದಗಳನ್ನು ಕೂಡಿಸುವಾಗ ಹೊಲಿಗೆ ಕಾಣುವಂತೆಯೇ ಬಿಡುತ್ತದೆ. ಒಗಟು ಬಿಡಿಸುವವರು ಹುಡುಕಬೇಕಾದದ್ದು ಅದನ್ನೇ.

ಹೊಲಿಗೆ ಕಾಣದಿದ್ದರೆ ಪದ ಹೊರಗಿನದೇ ಎಂದು ನೋಡಬೇಕು. ಸ್ಕ್ರ್ಯಾಬಲ್ ಆಟದಲ್ಲಿ 10 ಅಂಕದ ಕ್ಯೂ ಕೈಗೆ ಬಂದು ಯು ಬರದಿದ್ದಾಗ ಕಾಪಾಡುವುದು ಅರಬ್ಬೀ ಮೂಲದ ಫಕೀರ, ಕನಾತ್‌ನಂಥ ಪದಗಳು. ಅರಬ್ಬಿಯ ಕಾಫ್ ಅಕ್ಷರವನ್ನು ರೋಮನ್ ಲಿಪಿಯಲ್ಲಿ ಕ್ಯೂ ಎಂದು ಬರೆಯುವ ರೂಢಿಯಿದೆ. ಇಂಗ್ಲಿಷ್ ಆಟದಲ್ಲಿ 10 ಅಂಕ ತರುವ ಜಡ್‌ಗೆ ಪೋಲಿಷ್ ಆಟದಲ್ಲಿ ಒಂದೇ ಅಂಕ, ಅಲ್ಲಿ ಅದು ಹೆಜ್ಜೆಹೆಜ್ಜೆಗೂ ಬರುತ್ತದೆ. ವೇಲ್ಸ್‌ನ ಭಾಷೆಯಲ್ಲಿ ಡಬ್ಲ್ಯು ಸ್ವರವೂ ಹೌದು. ಸಿ-ಡಬ್ಲ್ಯು-ಎಂ ಎಂದು ಬರೆದು ಕುಮ್ ಎನ್ನುತ್ತಾರೆ. ಎವರೆಸ್ಟ್ ಏರುವವರು ಹಾಯುವ ‘ವೆಸ್ಟರ್ನ್ ಕುಮ್’ ಕಣಿವೆಗೆ 1921ರಲ್ಲಿ ಆ ಹೆಸರಿಟ್ಟವರು ಜಾರ್ಜ್ ಮ್ಯಾಲರಿ.

ಈ ಉಪಾಯ ಕನ್ನಡದ ಪದಬಂಧಕ್ಕೆ ಹಾಗೆಯೇ ಒಗ್ಗುವುದಿಲ್ಲ. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ; ‘ಸ್ತ್ರೀ’ ಎಂಬ ಒತ್ತಕ್ಷರಕ್ಕೂ ಅಷ್ಟೇ ಜಾಗ. ವ್ಯಂಜನಗಳ ನೂಕುನುಗ್ಗಲು ಮನೆಯೊಳಗೇ ಅಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕನ್ನಡ ತನ್ನ ಹೊಲಿಗೆಯನ್ನು ಮರೆಸುತ್ತದೆ: ಮಳೆ, ಕಾಲ ಸೇರಿ ಮಳೆಗಾಲ, ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಶಾಲೆಯಲ್ಲಿ ಉರು ಹೊಡೆದ ಆದೇಶ ಸಂಧಿ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಪದದ ನಡುವೆ ಗ, ದ, ಬ ಬಂದು ದಾರಿ ಕಾಣದಿದ್ದರೆ ಅವನ್ನು ಕ, ತ, ಪ ಮಾಡಿ ಅಲ್ಲಿಂದ ಮುಂದಕ್ಕೆ ಓದಿ ನೋಡಿ. ಮಹಾಪ್ರಾಣ ಬಂದಿದ್ದರೆ ಮಾತ್ರ ಈ ಪ್ರಯತ್ನ ಬೇಡ; ಆ ಪದ ಬಹುಪಾಲು ಸಂಸ್ಕೃತದಿಂದಲೋ ಹಿಂದೂಸ್ತಾನಿಯಿಂದಲೋ ಬಂದದ್ದು, ಹುಡುಕಾಟವನ್ನು ಆ ಕಡೆಗೇ ತಿರುಗಿಸಬೇಕು.